ನೂರು ರೂಪಾಯಿಯ ಗುಳಿಗೆ ಕಟರ್: ಅರ್ಧ ಅಂದರೆ ನಿಜವಾಗಿ ಅರ್ಧವೇ?

“ಅಣ್ಣಾರ, ಇದನ್ನ ಅರ್ಧಾ ಮಾಡಿ ಕೊಡ್ರಿ” ಅನ್ನುವ ಮಾತು ಬೆಳಗಾವಿಯ ಯಾವ ಮೆಡಿಕಲ್ ಅಂಗಡಿಗೂ ಹೊಸದಲ್ಲ. ಡಾಕ್ಟರು ಚೀಟಿಯಲ್ಲಿ ‘½’ ಎಂದು ಬರೆದಿರುತ್ತಾರೆ. ಮನೆಯಲ್ಲಿ ಆ ಗುಳಿಗೆ ಚಾಕುವಿನ ಕೈಗೋ ಅಡಕತ್ತರಿಯ ಬಾಯಿಗೋ ಸಿಗುತ್ತದೆ. ಚಾಕುವಿಗೆ ಸಿಕ್ಕ ಗುಳಿಗೆ ಸಿಡಿದು ಕಪಾಟಿನ ಕೆಳಗೆ ಹೋಗುತ್ತದೆ. ಅಡಕತ್ತರಿ ಗಟ್ಟಿ ಅಡಿಕೆಗೆಂದೇ ಮಾಡಿದ್ದು, ಅದರಲ್ಲಿ ಗುಳಿಗೆ ಪುಡಿಯಾಗುತ್ತದೆ, ಜೊತೆಗೆ ಅಡಿಕೆ ಚೂರೂ ಅಂಟುತ್ತದೆ. ನೂರು ರೂಪಾಯಿ ಆಸುಪಾಸಿನ ಪ್ಲಾಸ್ಟಿಕ್ ಗುಳಿಗೆ ಕಟರ್ ಇವೆರಡಕ್ಕಿಂತ ಎಷ್ಟೋ ವಾಸಿ. ಆದರೆ ಎಲ್ಲ ಕಟರ್‌ಗಳೂ ಒಂದೇ ಅಲ್ಲ, ಎಲ್ಲ ಗುಳಿಗೆಗಳೂ ಕತ್ತರಿಸುವಂಥವಲ್ಲ.

ಡಬ್ಬಿಯ ರಚನೆ ಸರಳ. ಮುಚ್ಚಳಕ್ಕೆ ಸ್ಟೀಲ್ ಬ್ಲೇಡ್, ತಳದಲ್ಲಿ ‘ವಿ’ ಆಕಾರದ ಹಿಡಿ, ಬ್ಲೇಡ್ ಇಳಿಯಲು ನಡುವೆ ಒಂದು ಸೀಳು. ದುಂಡನೆಯ ಗುಳಿಗೆಯನ್ನು ‘ವಿ’ಯ ಮೂಲೆಗೆ ಒತ್ತಿ ಇಟ್ಟರೆ ಅದರ ನಡು ತಾನಾಗಿಯೇ ಬ್ಲೇಡಿನ ಕೆಳಗೆ ಬರುತ್ತದೆ. ಇಷ್ಟೂ ಕೆಲಸ ನಿಂತಿರುವುದು ಮುಚ್ಚಳದ ಕೀಲಿನ ಮೇಲೆ. ಅಂಗಡಿಯಲ್ಲೇ ಮುಚ್ಚಳವನ್ನು ಅರ್ಧ ತೆರೆದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ನೋಡಿ. ಸಡಿಲವಾಗಿ ಓಲಾಡಿದರೆ ಅಲ್ಲಿಯೇ ಬಿಟ್ಟು ಬನ್ನಿ.

ಯಾಕೆಂದರೆ ಲೆಕ್ಕ ಹೀಗಿದೆ: 8 ಮಿಲಿಮೀಟರ್ ಅಗಲದ ಚಪ್ಪಟೆ ದುಂಡು ಗುಳಿಗೆಯ ಮೇಲೆ ಬ್ಲೇಡ್ ನಡುಗೀಟಿನಿಂದ ಬರೀ ಅರ್ಧ ಮಿಲಿಮೀಟರ್ ಸರಿದರೆ ತುಂಡುಗಳು ಸುಮಾರು 42 ಮತ್ತು 58 ಪ್ರತಿಶತ ಆಗುತ್ತವೆ. ಒಂದು ಮಿಲಿಮೀಟರ್ ಸರಿದರೆ 34 ಮತ್ತು 66. ಅಂದರೆ 50 ಮಿಲಿಗ್ರಾಂ ಗುಳಿಗೆಯಲ್ಲಿ ಇವತ್ತು 17, ನಾಳೆ 33. ಯುರೋಪಿನ ಔಷಧ ಮಾನದಂಡದಲ್ಲಿ, ಮುರಿಯಲೆಂದೇ ನಡುವೆ ಗೀಟು ಕೊರೆದಿರುವ 30 ಗುಳಿಗೆ ಮುರಿದು, ಪ್ರತಿಯೊಂದರಿಂದ ಒಂದೊಂದು ತುಂಡು ತೂಗುತ್ತಾರೆ. ಆ ತುಂಡುಗಳ ಸರಾಸರಿ ತೂಕದ 85ರಿಂದ 115 ಪ್ರತಿಶತದ ಹೊರಗೆ ಒಂದು ತುಂಡು ಮಾತ್ರ ಹೋಗಬಹುದು, 75ರಿಂದ 125ರ ಹೊರಗೆ ಒಂದೂ ಹೋಗುವಂತಿಲ್ಲ. ಒಂದು ಮಿಲಿಮೀಟರ್ ಓಲಾಡುವ ಕೀಲು ಆ ಪರೀಕ್ಷೆಯ ಹತ್ತಿರಕ್ಕೂ ಬರುವುದಿಲ್ಲ.

ಕತ್ತರಿಸುವಾಗ ಕೈ ಒಣಗಿರಲಿ. ನಡುಗೀಟು ಮೇಲ್ಮುಖವಾಗಿ, ಬ್ಲೇಡಿನ ನೇರಕ್ಕೆ ಇರಲಿ. ಮುಚ್ಚಳವನ್ನು ಬ್ಲೇಡ್ ಗುಳಿಗೆಗೆ ತಾಗುವವರೆಗೆ ನಿಧಾನಕ್ಕೆ ಇಳಿಸಿ, ಆಮೇಲೆ ಒಂದೇ ಏಟಿಗೆ ಗಟ್ಟಿಯಾಗಿ ಒತ್ತಿ. ಹೆದರುತ್ತ ಮೆಲ್ಲಗೆ ಒತ್ತಿದರೆ ಬ್ಲೇಡ್ ಸೀಳುವ ಬದಲು ಅಂಚನ್ನು ಪುಡಿ ಮಾಡುತ್ತದೆ. ಉದ್ದನೆಯ ಗುಳಿಗೆಯನ್ನು ಅಡ್ಡಕ್ಕೆ ಇಟ್ಟು, ಅದರ ಎರಡೂ ತುದಿ ‘ವಿ’ಯ ಎರಡು ತೋಳಿಗೆ ಸಮನಾಗಿ ತಾಗುವಂತೆ ನೋಡಿಕೊಳ್ಳಿ. ಥೈರಾಯ್ಡಿನಂಥ ಪುಟಾಣಿ ಗುಳಿಗೆಗಳಲ್ಲಿ ಅಗ್ಗದ ಡಬ್ಬಿಗಳು ಸೋಲುತ್ತವೆ, ಹಿಡಿಯ ತಳದಲ್ಲಿ ರಬ್ಬರ್ ಇಲ್ಲದಿದ್ದರೆ ಗುಳಿಗೆ ಜಾರುತ್ತದೆ. ಆಳವಾದ ಗೀಟಿರುವ ಗುಳಿಗೆಗೆ ಕಟರೇ ಬೇಕಿಲ್ಲ: ಗೀಟು ಮೇಲೆ ಬರುವಂತೆ ಗಟ್ಟಿ ಮೇಜಿನ ಮೇಲಿಟ್ಟು ಎರಡೂ ಬದಿಗೆ ಬೆರಳಿನಿಂದ ಒತ್ತಿದರೆ ಚಟ್ಟನೆ ಮುರಿಯುತ್ತದೆ. ಕಾಲು ಭಾಗ ಮಾಡಲು ಮಾತ್ರ ಈ ಡಬ್ಬಿಯನ್ನು ನಂಬಬೇಡಿ. ಅರ್ಧದ ತಪ್ಪು ಕಾಲಿನಲ್ಲಿ ಇನ್ನೂ ಬೆಳೆಯುತ್ತದೆ.

ಇದಕ್ಕೂ ಮೊದಲು ಗುಳಿಗೆಯ ಪಟ್ಟಿಯನ್ನು (ಸ್ಟ್ರಿಪ್) ಬೆಳಕಿಗೆ ಹಿಡಿದು ಓದಿ. ಹೆಸರಿನ ಮುಂದೆ ಎಸ್‌ಆರ್, ಇಆರ್, ಎಕ್ಸ್‌ಆರ್, ಸಿಆರ್, ಪಿಆರ್ ಎಂದಿದ್ದರೆ ಅದು ದಿನವಿಡೀ ಸ್ವಲ್ಪ ಸ್ವಲ್ಪವೇ ಔಷಧ ಬಿಡುವ ಗುಳಿಗೆ. ಕತ್ತರಿಸಿದರೆ 12 ಅಥವಾ 24 ಗಂಟೆಯ ಔಷಧ ಬೇಗನೆ ಮೈಗೆ ಸೇರಿಬಿಡಬಹುದು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಎಸ್‌ಆರ್‌ನಲ್ಲಿ ಈ ತಪ್ಪು ಸುಲಭವಾಗಿ ಆಗುತ್ತದೆ. ಬಿಪಿ, ಹೃದಯಕ್ಕೆ ಕೊಡುವ ಮೆಟೊಪ್ರೊಲೊಲ್ ಸಕ್ಸಿನೇಟಿನ ಗೀಟಿರುವ ಕೆಲವು ಗುಳಿಗೆಗಳು ಇದಕ್ಕೆ ಹೊರತು, ಅವನ್ನು ಅರ್ಧ ಮಾಡಬಹುದು, ಅಗಿಯಬಾರದು. ನಿಮ್ಮ ಪಟ್ಟಿ ಆ ಬಗೆಯದೇ ಎಂದು ಫಾರ್ಮಸಿಸ್ಟ್ ಬಳಿ ಕೇಳಿಯೇ ಮುಂದುವರಿಯಿರಿ. ಅಸಿಡಿಟಿಗೆ ಕೊಡುವ ಪ್ಯಾಂಟೊಪ್ರಜೋಲ್ ಗುಳಿಗೆಯ ಹೊರಪದರ ಹೊಟ್ಟೆಯ ಆಮ್ಲದಿಂದ ಔಷಧವನ್ನು ಕಾಯುತ್ತದೆ, ಅದನ್ನು ಸೀಳಿದರೆ ಔಷಧ ಆಮ್ಲದಲ್ಲೇ ಕೆಡುತ್ತದೆ. ಕ್ಯಾಪ್ಸೂಲ್ ಅಂತೂ ಮುಟ್ಟಲೇಬೇಡಿ. ಬಿಪಿಯ ಟೆಲ್ಮಿಸಾರ್ಟನ್ ಜೊತೆ ಇನ್ನೊಂದು ಬಿಪಿ ಔಷಧ ಸೇರಿದ ಗುಳಿಗೆಯನ್ನು ಅರ್ಧ ಮಾಡಿದರೆ ಎರಡೂ ಔಷಧ ಅರ್ಧವಾಗುತ್ತವೆ. ಡಾಕ್ಟರು ಹೇಳಿದ್ದು ಒಂದನ್ನೇ ಇಳಿಸಲು ಆಗಿರಬಹುದು. ಕೀಲುವಾತದ ಮೆಥೊಟ್ರೆಕ್ಸೇಟ್, ಪ್ರಾಸ್ಟೇಟ್ ತೊಂದರೆಯ ಫಿನಾಸ್ಟರೈಡ್ ಗುಳಿಗೆಗಳ ಪುಡಿ ಬಸುರಿಯರ ಕೈಗೆ ತಾಗಬಾರದು, ಇವನ್ನು ಮನೆಯಲ್ಲಿ ಕತ್ತರಿಸುವ ಮಾತೇ ಬೇಡ.

ಫಿಟ್ಸ್ ಗುಳಿಗೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಹೃದಯದ ಡಿಗಾಕ್ಸಿನ್, ಥೈರಾಯ್ಡ್ ಇವುಗಳಲ್ಲಿ ಚೂರು ಹೆಚ್ಚುಕಡಿಮೆಯೂ ಲೆಕ್ಕಕ್ಕೆ ಬರುತ್ತದೆ. ಕಟರ್ ಕೊಳ್ಳುವ ಮೊದಲು ಕಡಿಮೆ ಶಕ್ತಿಯ ಗುಳಿಗೆಯೇ ಸಿಗುತ್ತದೆಯೇ ಕೇಳಿ. ಥೈರಾಯ್ಡಿನ ಲೆವೊಥೈರಾಕ್ಸಿನ್ 12.5, 25, 50 ಮೈಕ್ರೊಗ್ರಾಂಗಳಲ್ಲಿ ಇದೆ, ಬಿಪಿಯ ಅಮ್ಲೋಡಿಪಿನ್ 2.5 ಮಿಲಿಗ್ರಾಂ ಇದೆ, ಟೆಲ್ಮಿಸಾರ್ಟನ್ 20 ಮಿಲಿಗ್ರಾಂ ಇದೆ. ಡಾಕ್ಟರ ಬಳಿ ಹೊಸ ಚೀಟಿ ಬರೆಸಿದರೆ ಮುಗಿಯಿತು. ಗುಳಿಗೆ ದುಬಾರಿ ಎಂದು ತಾವಾಗಿಯೇ ಅರ್ಧ ಮಾಡಿ ನುಂಗುವವರಿಗೆ ಕೈಮುಗಿದು ಹೇಳುವುದು: ಹೃದಯ, ಬಿಪಿಗೆ ಕೊಡುವ ಅಟೆನೊಲೊಲ್, ಮೆಟೊಪ್ರೊಲೊಲ್ ಹಠಾತ್ತನೆ ಇಳಿಸಿದರೆ ಎದೆನೋವು ಮರುಕಳಿಸಬಹುದು. ಖರ್ಚಿನ ಮಾತನ್ನು ಡಾಕ್ಟರ ಮುಂದೆಯೇ ಆಡಿ.

ಈ ಡಬ್ಬಿಗಳಲ್ಲಿ ನಮಗೆ ಒಪ್ಪಿಗೆಯಾಗದ ಭಾಗ ಉಳಿದ ತುಂಡನ್ನು ಎತ್ತಿಡಲು ಕೊಟ್ಟ ಖಾನೆ. ಅದಕ್ಕೆ ಗಾಳಿ ತಡೆಯುವ ಮುಚ್ಚಳವಿಲ್ಲ. ಬೆಳಗಾವಿಯ ಮಳೆಗಾಲದ ತೇವ ಗೊತ್ತಿದ್ದವರು ಟೆಲ್ಮಿಸಾರ್ಟನ್ ಅರ್ಧವನ್ನು ಅಲ್ಲಿ ಇಡಲಾರರು, ಅದು ತೇವ ಹೀರುವ ಔಷಧ. ಇಡೀ ಪಟ್ಟಿಯನ್ನು ಒಮ್ಮೆಗೇ ಕತ್ತರಿಸಿ ಇಡುವುದೂ ಬೇಡ. ಒಂದು ಕತ್ತರಿಸಿ, ಉಳಿದರ್ಧವನ್ನು ಅದರ ಹಾಳೆಯಲ್ಲೇ ಮಡಚಿಟ್ಟು, ಮುಂದಿನ ಸಲ ಅದನ್ನೇ ಮೊದಲು ನುಂಗಿ. ಆಗ ಒಂದು ಸಲ ಕಡಿಮೆಯಾದದ್ದು ಮರುಸಲ ಬಹುಪಾಲು ಸರಿಹೋಗುತ್ತದೆ. ಪಟ್ಟಿಯನ್ನು ಕತ್ತರಿಯಿಂದ ತುಂಡರಿಸಿ ಕೊಟ್ಟರೆ ಹೆಸರು, ಎಕ್ಸ್‌ಪೈರಿ ತಾರೀಖು ಇರುವ ತುಂಡನ್ನು ಕೇಳಿ ಪಡೆಯಿರಿ.

ಬೇರೆ ಔಷಧ ಕತ್ತರಿಸುವ ಮೊದಲು ಹಿಂದಿನದರ ಪುಡಿಯನ್ನು ಒಣ ಬ್ರಷ್‌ನಿಂದ ಗುಡಿಸಿ, ತೊಳೆದರೆ ಪೂರ್ತಿ ಒಣಗಿಸಿ. ಕೈ ನಡುಗುವವರು, ಕಣ್ಣು ಮಂದವಾದವರು ಮನೆಯ ಇನ್ನೊಬ್ಬರಿಂದ ಕತ್ತರಿಸಿಕೊಳ್ಳಲಿ. ತೆರೆದಾಗ ಬ್ಲೇಡ್ ಮೇಲೆ ತಾನೇ ರಕ್ಷಕ ಪಟ್ಟಿ ಸರಿಯುವ ಮಾದರಿ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ತನ್ನಿ, ಮಕ್ಕಳಿರುವ ಮನೆಯಲ್ಲಂತೂ ಅದೇ ಇರಲಿ. ಮೊದಲು ಸಲೀಸಾಗಿ ತುಂಡಾಗುತ್ತಿದ್ದ ಗುಳಿಗೆ ಈಗ ಪುಡಿ ಉದುರಿಸುತ್ತಿದ್ದರೆ ಬ್ಲೇಡ್ ಮೊಂಡಾಗಿದೆ. ಮಸೆಯಲು ಹೋಗದೆ ಹೊಸ ಡಬ್ಬಿ ತನ್ನಿ, ಹಳೆಯದರ ಬ್ಲೇಡಿಗೆ ದಪ್ಪ ಟೇಪ್ ಸುತ್ತಿ ಎಸೆಯಿರಿ.