ಅಪ್ಪನ ಕಾಲಿನ ವ್ಯಾಕ್ ಮೆಷಿನ್: ಯಂತ್ರ ಚೆನ್ನಾಗಿದೆ, ಅಂಟು ಸರಿಯಿಲ್ಲ

ಮೊದಲೇ ಹೇಳಿಬಿಡುತ್ತೇನೆ, ಗಾಯ ಮಾಗಿಸೋಕೆ ಹಾಕುವ ಈ ವ್ಯಾಕ್ ಮೆಷಿನ್ ಚೆನ್ನಾಗಿದೆ. ಅಪ್ಪನ ಕಾಲು ಉಳಿದಿದೆ ಅಂದರೆ ಅದಕ್ಕೆ ಆಪರೇಷನ್ ಮಾಡಿದ ಡಾಕ್ಟರ್ ಒಂದು ಕಾರಣ, ಈ ಪುಟ್ಟ ಯಂತ್ರ ಇನ್ನೊಂದು ಕಾರಣ. ಆದರೆ ಅದನ್ನು ಡ್ರೆಸಿಂಗ್ ಮೇಲೆ ಕೂರಿಸೋಕೆ ಕೊಟ್ಟಿದ್ದ ಅಂಟು ಇದೆಯಲ್ಲ, ಅದರಿಂದ ನಾವು ಐದು ವಾರ ಪಟ್ಟ ಪಾಡನ್ನು ಬರೆಯಲೇಬೇಕು ಅನ್ನಿಸಿತು. ಬಾಡಿಗೆಗೆ ತರುವಾಗ ಇದರ ಬಗ್ಗೆ ನಮಗೆ ಒಬ್ಬರೂ ಒಂದು ಮಾತು ಹೇಳಿರಲಿಲ್ಲ. ಕಂಪನಿ ಹೆಸರು ಹಾಕುವುದಿಲ್ಲ, ಬಾಡಿಗೆ ಕೊಟ್ಟವರ ಹೆಸರೂ ಬೇಡ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮುಂದೆ ತೆಗೆದುಕೊಳ್ಳುವವರಿಗೆ ಗೊತ್ತಿರಲಿ ಅಂತ ಅಷ್ಟೇ.

ನಮ್ಮದು ಮಂಡ್ಯದ ಹತ್ತಿರದ ಹಳ್ಳಿ. ಕಬ್ಬು ಕಡಿದ ಗದ್ದೆಯಲ್ಲಿ ಅಪ್ಪ ಬರಿಗಾಲಲ್ಲಿ ಹೋಗುವಾಗ ಕೂಳೆ ಚುಚ್ಚಿದೆ. ಬಹಳ ವರ್ಷದ ಸಕ್ಕರೆ ಕಾಯಿಲೆ, ಪಾದದಲ್ಲಿ ಸ್ಪರ್ಶವೇ ಕಡಿಮೆ, ಚುಚ್ಚಿದ್ದು ಅವರಿಗೆ ಗೊತ್ತೇ ಆಗಿಲ್ಲ. ಮೂರು ದಿನ ಆದಮೇಲೆ ಏನೋ ವಾಸನೆ ಬರ್ತಿದೆಯಲ್ಲ ಅಂತ ಅವ್ವ ಕಾಲು ನೋಡಿದ್ದಾರೆ. ಅಷ್ಟರಲ್ಲಿ ಕೀವು ಪಾದದಿಂದ ಮೇಲಕ್ಕೆ ಏರಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಕೊಳೆತ ಮಾಂಸ ತೆಗೆದರು. ಪಾದದ ಮೇಲ್ಭಾಗದಿಂದ ಕಣಕಾಲಿನ ಕಡೆಗೆ ಅಂಗೈ ಅಗಲದ ಗಾಯ ಉಳಿಯಿತು. ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಆಗ ಡಾಕ್ಟರ್ ವ್ಯಾಕ್ ಹಾಕೋಣ ಅಂದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗಾಯದ ಅಳತೆಗೆ ಸ್ಪಂಜು ಕತ್ತರಿಸಿ ಒಳಗೆ ಇಡುತ್ತಾರೆ. ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸುತ್ತಲ ಚರ್ಮಕ್ಕೆ ಗಾಳಿ ಆಡದ ಹಾಗೆ ಅಂಟಿಸುತ್ತಾರೆ. ಹಾಳೆಯಲ್ಲಿ ಒಂದು ತೂತು, ಆ ತೂತಿನಿಂದ ಪಂಪ್ ಒಳಗಿನ ಗಾಳಿಯನ್ನು ಎಳೆಯುತ್ತಲೇ ಇರುತ್ತದೆ. ಸಾಮಾನ್ಯವಾಗಿ ಹೊರಗಿನ ಗಾಳಿಗಿಂತ 125 ಮಿ.ಮೀ. ಪಾದರಸದಷ್ಟು ಒತ್ತಡ ಕಡಿಮೆ ಇಡುತ್ತಾರೆ. ಗಾಯದ ರಸಿಕೆ ಹೊರಗೆ ಹೋಗುತ್ತದೆ, ಊತ ಇಳಿಯುತ್ತದೆ, ಗಾಯದ ಅಂಚುಗಳು ಒಳಕ್ಕೆ ಸೇರುತ್ತವೆ, ಹೊಸ ಮಾಂಸ ಕೂಡುತ್ತದೆ. ಅಮೆರಿಕದ ಅರ್ಜೆಂಟಾ ಮತ್ತು ಮೊರಿಕ್ವಾಸ್ ಅನ್ನುವವರು 1997ರಲ್ಲಿ ಇದರ ಬಗ್ಗೆ ಬರೆದ ಮೇಲೆ ಎಲ್ಲ ಕಡೆ ಹರಡಿತಂತೆ. ಈಗ ಯಾವ ಕಂಪನಿಯ ಮೆಷಿನ್ ಆದರೂ ಜನ ವ್ಯಾಕ್ ಅಂತಲೇ ಕರೆಯುತ್ತಾರೆ.

ಆಸ್ಪತ್ರೆಯಲ್ಲಿ ಮೊದಲು ಹಾಕಿದ್ದು ದೊಡ್ಡದು. ಮಂಚದ ಕಂಬಿಗೆ ನೇತುಹಾಕುವಂಥದ್ದು, ಉದ್ದನೆಯ ಟ್ಯೂಬ್, ರಸಿಕೆ ತುಂಬುವ ಡಬ್ಬ. ಬಚ್ಚಲಿಗೆ ಹೋಗಬೇಕಾದರೆ ಒಬ್ಬರು ಮೆಷಿನ್ ಹಿಡಿಯಬೇಕು, ಇನ್ನೊಬ್ಬರು ಅಪ್ಪನನ್ನು ಹಿಡಿಯಬೇಕು. ಮನೆಗೆ ಕಳಿಸುವಾಗ ಕೊಟ್ಟದ್ದು ಸೋಪಿನ ಡಬ್ಬಿಯಷ್ಟು ಚಿಕ್ಕದು. ಟ್ಯೂಬ್ ನೇತಾಡುವುದಿಲ್ಲ. ಕಣಕಾಲಿನ ಮುಂಭಾಗದಲ್ಲಿ ಡ್ರೆಸಿಂಗ್ ಮೇಲೆಯೇ ಎರಡೂ ಕಡೆ ಅಂಟಿರುವ ಒಂದು ಹಾಳೆಯಿಂದ ಅಂಟಿಸಿಬಿಡುತ್ತಾರೆ. ಬ್ಯಾಟರಿ ಇದೆ, ಕರೆಂಟ್ ಹೋದರೂ ನಡೆಯುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೇಗೆ ಅಂತ ಗೊತ್ತಲ್ಲ, ಅದಕ್ಕೇ ಇದು ದೊಡ್ಡ ವಿಷಯ. ಸದ್ದು ಅಷ್ಟಾಗಿ ಇಲ್ಲ. ಅಪ್ಪ ಜಗಲಿ ಮೇಲೆ ಕಾಲು ಚಾಚಿಕೊಂಡು ಕೂತು ಹೋಗೋರು ಬರೋರನ್ನು ಮಾತಾಡಿಸುತ್ತಿದ್ದರು. ಆಸ್ಪತ್ರೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದವರು ಅವರೇನಾ ಅನ್ನಿಸುತ್ತಿತ್ತು. ಈ ಒಂದು ಕಾರಣಕ್ಕೇ ಮೈಮೇಲೆ ಅಂಟಿಸಿಕೊಳ್ಳುವ ಮೆಷಿನ್ನೇ ತಗೊಳ್ಳಿ ಅಂತ ನಾನು ಯಾರಿಗಾದರೂ ಹೇಳುತ್ತೇನೆ.

ಈಗ ಅಂಟಿನ ಕಥೆ. ಸ್ಪಂಜಿನ ಡ್ರೆಸಿಂಗನ್ನು ಸಾಮಾನ್ಯವಾಗಿ 48ರಿಂದ 72 ಗಂಟೆಗೊಮ್ಮೆ ಬದಲಾಯಿಸಬೇಕು, ಇಲ್ಲದಿದ್ದರೆ ಹೊಸ ಮಾಂಸ ಸ್ಪಂಜಿನ ತೂತುಗಳ ಒಳಗೇ ಬೆಳೆದುಬಿಡುತ್ತದೆ. ಹಳೆ ಡ್ರೆಸಿಂಗ್ ಕಸಕ್ಕೆ ಹೋಗುತ್ತದೆ, ಮೆಷಿನ್ ಮಾತ್ರ ಅದೇ, ಹೊಸ ಡ್ರೆಸಿಂಗ್ ಮೇಲೆ ಮತ್ತೆ ಕೂರಬೇಕು. ಅಂದರೆ ಪ್ರತಿ ಸಲ ಮೊದಲು ಮೆಷಿನ್ ಬಿಡಿಸಬೇಕು. ಇಲ್ಲೇ ಎಡವಟ್ಟು. ಮೆಷಿನ್ನಿಗೂ ಡ್ರೆಸಿಂಗಿಗೂ ನಡುವೆ ಇರುವ ಅಂಟು, ಡ್ರೆಸಿಂಗಿಗೂ ಚರ್ಮಕ್ಕೂ ನಡುವೆ ಇರುವ ಅಂಟಿಗಿಂತ ಗಟ್ಟಿ. ಮೆಷಿನ್ ಹಿಡಿದು ಎತ್ತಿದರೆ ಹಾಳೆ ಎದ್ದು ಬರುತ್ತದೆ, ಹಾಳೆಯ ಜೊತೆ ಚರ್ಮ ಎದ್ದು ಬರುತ್ತದೆ. ಪಾದದಲ್ಲಿ ಸ್ಪರ್ಶ ಇಲ್ಲದ ಅಪ್ಪನಿಗೆ ಕಣಕಾಲಿನಲ್ಲಿ ಸ್ಪರ್ಶ ಚೆನ್ನಾಗಿಯೇ ಇದೆ. ಮೊದಲ ಸಲ ಹಲ್ಲು ಕಚ್ಚಿಕೊಂಡು, "ಒಂದೇ ಏಟ್ಗೆ ಕಿತ್ತಾಕ್ಬುಡು ಮಗ, ಇಷ್ಟಿಷ್ಟೇ ಎಳೀಬ್ಯಾಡ" ಅಂದರು. ನಾನು ಹಾಗೇ ಮಾಡಿದೆ. ಅದು ತಪ್ಪು. ಎರಡನೇ ವಾರದಲ್ಲಿ ಐದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಚರ್ಮದ ಮೇಲ್ಪದರ ಸುಲಿದು ಬಂತು, ಕೆಂಪಗೆ, ಒದ್ದೆ ಒದ್ದೆಯಾಗಿ.

ಸುಲಿದರೆ ನೋವು ಅಂತ ಮಾತ್ರ ಅಂದುಕೊಳ್ಳಬೇಡಿ. ಸುಲಿದ ಜಾಗ ಒದ್ದೆ ಇರುತ್ತದೆ, ಒದ್ದೆ ಜಾಗಕ್ಕೆ ಹೊಸ ಹಾಳೆ ಅಂಟುವುದಿಲ್ಲ, ಅಂಟದಿದ್ದರೆ ಗಾಳಿ ಸೋರುತ್ತದೆ, ಗಾಳಿ ಸೋರಿದರೆ ಒತ್ತಡ ನಿಲ್ಲುವುದಿಲ್ಲ, ಮೆಷಿನ್ ಕೂಗಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಕೂಗಿತು. ಸ್ಪಂಜನ್ನು ಒಳಗಿಟ್ಟು ಮೆಷಿನ್ ಎರಡು ಗಂಟೆಗಿಂತ ಜಾಸ್ತಿ ನಿಲ್ಲಿಸಬಾರದು ಅಂತ ಕಿಟ್ ಜೊತೆ ಬಂದ ಹಾಳೆಯಲ್ಲೇ ಇದೆ. ಅವ್ವ ಟಾರ್ಚ್ ಹಿಡಿದುಕೊಂಡು, ನಾನು ಹಾಳೆಯ ಅಂಚಿನಲ್ಲಿ ಕಿವಿ ಇಟ್ಟು ಎಲ್ಲಿ ಸುಯ್ ಅನ್ನುತ್ತಿದೆ ಅಂತ ಹುಡುಕಿ, ಅದರ ಮೇಲೆ ಇನ್ನೊಂದು ತುಂಡು ಹಾಳೆ ಅಂಟಿಸಿದೆ. ಆ ತುಂಡನ್ನೂ ಎರಡು ದಿನ ಬಿಟ್ಟು ಕೀಳಲೇಬೇಕಲ್ವಾ?

ಮಾರನೇ ದಿನ ಡ್ರೆಸಿಂಗಿಗೆ ಬಂದ ಸಿಸ್ಟರ್ ಎಲ್ಲ ಬಿಡಿಸಿ ಹೇಳಿದರು. ಡ್ರೆಸಿಂಗ್ ಹಾಳೆಗಳಲ್ಲಿ ಸಾಮಾನ್ಯವಾಗಿ ಇರುವ ಅಕ್ರಿಲಿಕ್ ಅಂಟು ಮೈಯ ಬಿಸಿಗೆ ಮೆತ್ತಗಾಗಿ ಚರ್ಮದ ಸಣ್ಣ ಸಣ್ಣ ಗೆರೆಗಳ ಒಳಗೆ ಇಳಿಯುತ್ತದಂತೆ, ಹಾಗಾಗಿ ಮೊದಲ ದಿನಕ್ಕಿಂತ ಮೂರನೇ ದಿನ ಜಾಸ್ತಿ ಹಿಡಿದುಕೊಂಡಿರುತ್ತದೆ. ಸಿಲಿಕೋನ್ ಅಂಟು ಹಾಗಲ್ಲ, ಹಚ್ಚಿದಾಗ ಎಷ್ಟಿತ್ತೋ ಆಮೇಲೂ ಹೆಚ್ಚುಕಡಿಮೆ ಅಷ್ಟೇ, ಚರ್ಮಕ್ಕೆ ಮೃದು, ಆದರೆ ಭಾರ ಹೊರುವುದಿಲ್ಲ. ವಯಸ್ಸಾದವರ ಚರ್ಮದಲ್ಲಿ ಮೇಲಿನ ಪದರಕ್ಕೂ ಕೆಳಗಿನದಕ್ಕೂ ಬಿಗಿ ಕಡಿಮೆಯಾಗಿರುತ್ತದೆ, ಅದಕ್ಕೇ ಬೇಗ ಸುಲಿಯುವುದು. "ಮೇಲಕ್ಕೆ ಎಳೀಬೇಡಿ, ಹಾಳೆಯನ್ನ ಅದರ ಮೇಲೇ ಮಡಚಿಕೊಂಡು ಚರ್ಮದ ಉದ್ದಕ್ಕೇ ನಿಧಾನವಾಗಿ ಬಿಡಿಸಿ, ಇನ್ನೊಂದು ಕೈಯಲ್ಲಿ ಚರ್ಮ ಒತ್ತಿ ಹಿಡ್ಕೊಳ್ಳಿ" ಅಂದರು. ಅಪ್ಪನಿಗೆ, "ತಾತ, ಉಸಿರು ಬಿಡಿ, ಬಿಗಿ ಹಿಡೀಬೇಡಿ" ಅಂತ ಹೇಳುತ್ತಾ ಹೇಳುತ್ತಾ ಬಿಡಿಸಿಯೇಬಿಟ್ಟರು. ನನಗೆ ಹತ್ತು ನಿಮಿಷ ಬೇಕಾದ ಕೆಲಸಕ್ಕೆ ಅವರಿಗೂ ಹತ್ತು ನಿಮಿಷವೇ ಬೇಕಾಯಿತು, ಆದರೆ ಚರ್ಮ ಹಾಗೇ ಇತ್ತು.

ಅವ್ವ ಕೊಬ್ಬರಿ ಎಣ್ಣೆ ಹಚ್ಚಿ ನೋಡಿದರು. ಅಂಟು ಬಿಡುತ್ತದೆ, ಸುಳ್ಳಲ್ಲ. ಆದರೆ ಎಣ್ಣೆ ಚರ್ಮದಲ್ಲಿ ಉಳಿದು ಮುಂದಿನ ಹಾಳೆ ಹಿಡಿಯುವುದಿಲ್ಲ, ಗಾಯಕ್ಕೆ ಇಳಿಯುವ ಭಯ ಬೇರೆ. ಆಮೇಲೆ ಮೈಸೂರಿನ ಧನ್ವಂತರಿ ರಸ್ತೆಯ ಮೆಡಿಕಲ್ ಸ್ಟೋರುಗಳಲ್ಲಿ ಹುಡುಕಿ, ಅಂಟು ಬಿಡಿಸುವ ಸಿಲಿಕೋನ್ ದ್ರವದ ಒರೆಸುವ ಹಾಳೆ ತಂದೆ. ಮೂರು ಅಂಗಡಿಯಲ್ಲಿ ಇಲ್ಲ ಅಂದರು, ನಾಲ್ಕನೆಯದರಲ್ಲಿ ಸಿಕ್ಕಿತು. ಇದು ನಿಜವಾಗಿಯೂ ಒಳ್ಳೆಯ ವಸ್ತು. ಹಚ್ಚಿದರೆ ಚರ್ಮ ಉರಿಯುವುದಿಲ್ಲ, ಬೇಗ ಆರುತ್ತದೆ, ಜಿಡ್ಡು ಉಳಿಯುವುದಿಲ್ಲ, ಮುಂದಿನ ಡ್ರೆಸಿಂಗ್ ಚೆನ್ನಾಗಿ ಕೂರುತ್ತದೆ. ಚರ್ಮದ ಮಟ್ಟಿಗೆ ನಮ್ಮ ಕಷ್ಟ ಮುಕ್ಕಾಲು ಪಾಲು ಇದರಿಂದಲೇ ಕಳೆಯಿತು. ಆದರೆ ಮೆಷಿನ್ನಿನ ಕೆಳಗೆ ಇದು ಕೆಲಸ ಮಾಡಲಿಲ್ಲ. ಅಲ್ಲಿ ಅಂಟು ಇರುವುದು ಅಗಲವಾದ ತಟ್ಟೆಯ ಅಡಿಯಲ್ಲಿ, ಒರೆಸಿದ ದ್ರವ ಅಂಚಿನಲ್ಲೇ ನಿಲ್ಲುತ್ತದೆ, ನಡುವಿನವರೆಗೆ ಹೋಗುವುದೇ ಇಲ್ಲ.

ಇಲ್ಲಿ ನನ್ನ ಕೆಲಸದ ವಿಷಯ ಹೇಳಬೇಕು. ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ, ತೆಳು ಗಾಜು ಮತ್ತು ಸೆರಾಮಿಕ್ ಬಿಲ್ಲೆಗಳನ್ನು ಸಣ್ಣ ಚೂರುಗಳಾಗಿ ಕೊಯ್ಯುವ ವಿಭಾಗ. ಕೊಯ್ಯುವಾಗ ಬಿಲ್ಲೆ ಒಂದು ಕೂದಲಷ್ಟೂ ಅಲುಗಬಾರದು, ಹಾಗಾಗಿ ಟೇಪಿನ ಮೇಲೆ ಗಟ್ಟಿಯಾಗಿ ಅಂಟಿಸುತ್ತೇವೆ. ಕೊಯ್ದಾದ ಮೇಲೆ ಅದೇ ಚೂರುಗಳು ಒಡೆಯದೆ ಸಲೀಸಾಗಿ ಎದ್ದು ಬರಬೇಕು. ಅದಕ್ಕೆ ಬಳಸುವುದು ಯು.ವಿ. ಟೇಪ್. ಅಡಿಯಿಂದ ನೇರಳಾತೀತ ಬೆಳಕು ಬಿಟ್ಟರೆ ಅಂಟಿನ ಒಳಗಿನ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಅಂಟು ಗಟ್ಟಿಯಾಗುತ್ತದೆ. ಗಟ್ಟಿಯಾದ ಅಂಟಿಗೆ ಜಿಗುಟು ಇರುವುದಿಲ್ಲ. ಹಿಡಿತ ಹತ್ತರಲ್ಲಿ ಒಂದು ಪಾಲಿಗಿಂತ ಕೆಳಗೆ ಇಳಿಯುತ್ತದೆ, ಚೂರು ಕೈಗೆ ಹೂವಿನ ಹಾಗೆ ಬರುತ್ತದೆ. ದಿನಾ ನೂರಾರು ಸಲ ನೋಡುವ ಕೆಲಸ ಇದು. ಒಂದು ಮಧ್ಯಾಹ್ನ ಟೇಪ್ ಬಿಡಿಸುತ್ತಾ ಇದ್ದಾಗ ಅಪ್ಪನ ಕಾಲು ನೆನಪಾಗಿ ಕೈ ನಿಂತುಹೋಯಿತು. ಗಾಜಿನ ಚೂರಿಗೆ ಇರುವ ಅನುಕೂಲ ಮನುಷ್ಯರ ಚರ್ಮಕ್ಕೆ ಯಾಕಿಲ್ಲ?

ಆಮೇಲೆ ಹುಡುಕಿ ಓದಿದೆ. ಯೋಚನೆ ಹೊಸದಲ್ಲ. ಬೆಳಕು ಬಿಟ್ಟರೆ ಬಿಟ್ಟುಕೊಳ್ಳುವ ಅಂಟನ್ನು ಗಾಯದ ಡ್ರೆಸಿಂಗಿಗೆ ಬಳಸುವ ಬಗ್ಗೆ ಪೇಟೆಂಟುಗಳೇ ಇವೆ. ನಮ್ಮ ಕಾರ್ಖಾನೆಯ ಯು.ವಿ. ದೀಪವನ್ನು ಕಾಲಿನ ಮೇಲೆ ಹಿಡಿಯಲು ಆಗುವುದಿಲ್ಲ, ಚರ್ಮಕ್ಕೆ ಕೆಟ್ಟದ್ದು. ಆದರೆ ಕಣ್ಣಿಗೆ ಕಾಣುವ ಬೆಳಕಿಗೂ ಕೆಲಸ ಮಾಡುವ ಪದಾರ್ಥಗಳಿವೆ. ಹಲ್ಲಿನ ಡಾಕ್ಟರ್ ಹುಳುಕು ತುಂಬಿಸಿ ನೀಲಿ ಬೆಳಕು ಹಿಡಿಯುತ್ತಾರಲ್ಲ, ಅಲ್ಲಿ ಸುಮಾರು 470 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ ಆ ಮೆತ್ತನೆಯ ಪದಾರ್ಥ ಗಟ್ಟಿಯಾಗುವುದೂ ಇದೇ ಜಾತಿಯ ಕ್ರಿಯೆ. ಮನೆಯ ಬೆಳಕಿಗೇ ಬಿಟ್ಟುಕೊಂಡರೆ ಕಷ್ಟ, ಅದರಲ್ಲೂ ಬಿಸಿಲಲ್ಲಿ ಜಗಲಿ ಮೇಲೆ ಕೂರುವ ನಮ್ಮ ಅಪ್ಪನಂಥವರಿಗೆ. ಅದಕ್ಕೆ ಮೇಲೊಂದು ಬೆಳಕು ತಡೆಯುವ ಪದರ ಇಟ್ಟು, ಬಿಡಿಸುವಾಗ ಮಾತ್ರ ಅದನ್ನು ತೆಗೆದು ಬೆಳಕು ಬಿಡುವುದು ಒಂದು ದಾರಿ.

ಚರ್ಮದ ಕಡೆಯ ಅಂಟಿಗಿಂತ ಮೆಷಿನ್ನಿನ ಕಡೆಯ ಅಂಟಿಗೆ ಇದು ಇನ್ನೂ ಚೆನ್ನಾಗಿ ಹೊಂದುತ್ತದೆ ಅಂತ ನನಗೆ ಅನ್ನಿಸುತ್ತದೆ. ಮೆಷಿನ್ನಿನ ಮೈಯೇ ಹೊರಗಿನ ಬೆಳಕನ್ನು ತಡೆಯುತ್ತದೆ. ಒಳಗೆ ಬ್ಯಾಟರಿ ಹೇಗೂ ಇದೆ, ಅಡಿಯ ತಟ್ಟೆಯನ್ನು ಪಾರದರ್ಶಕ ಮಾಡಿ ನಾಲ್ಕು ಎಲ್‌ಇಡಿ ಕೂರಿಸಿದರೆ ಒಂದು ಗುಂಡಿ ಒತ್ತಿ ಅಡಿಯ ಅಂಟನ್ನು ಸಡಿಲ ಮಾಡಬಹುದು. ಒರೆಸುವ ದ್ರವ ಹೋಗದ ಜಾಗಕ್ಕೆ ಬೆಳಕು ಹೋಗುತ್ತದೆ. ಮೆಷಿನ್ ಮೊದಲು ಸುಮ್ನೆ ಕೈಗೆ ಬಂದರೆ, ಉಳಿದ ಹಾಳೆಯನ್ನು ಸಿಸ್ಟರ್ ಹೇಳಿದ ಹಾಗೆ ನಿಧಾನವಾಗಿ ಬಿಡಿಸಬಹುದು. ಒಮ್ಮೆ ಗಟ್ಟಿಯಾದ ಅಂಟು ಮತ್ತೆ ಅಂಟುವುದಿಲ್ಲ, ಹೊಸ ಹಾಳೆ ಬೇಕು. ಅದು ತೊಂದರೆಯಲ್ಲ, ಈಗಲೂ ಪ್ರತಿ ಸಲ ಹೊಸದೇ ಹಾಕುತ್ತೇವೆ. ನನಗೆ ನಿಜವಾಗಿ ಅನುಮಾನ ಇರುವುದು ಇನ್ನೊಂದರ ಬಗ್ಗೆ. ಇಂಥ ಅಂಟುಗಳಲ್ಲಿ ಅಕ್ರಿಲೇಟ್ ಅನ್ನುವ ರಾಸಾಯನಿಕ ಇರುತ್ತದೆ, ಹೆಣೆದುಕೊಳ್ಳದೆ ಉಳಿದ ಅಕ್ರಿಲೇಟ್ ಕೆಲವರ ಚರ್ಮಕ್ಕೆ ಅಲರ್ಜಿ ಮಾಡುತ್ತದೆ. ನಮ್ಮ ಕಾರ್ಖಾನೆಯಲ್ಲೇ ಕೈಗವಸು ಇಲ್ಲದೆ ಮುಟ್ಟಲು ಬಿಡುವುದಿಲ್ಲ. ಗಾಯದ ಪಕ್ಕದಲ್ಲಿ ಇಡುವ ಮುಂಚೆ ಅದನ್ನು ಸರಿಯಾಗಿ ಪರೀಕ್ಷೆ ಮಾಡಿರಬೇಕು. ಮೆಷಿನ್ನಿಗೂ ಡ್ರೆಸಿಂಗಿಗೂ ನಡುವೆ ಮಾತ್ರ ಇದ್ದರೆ ಚರ್ಮಕ್ಕೆ ತಾಗುವುದೇ ಇಲ್ಲ, ಅದೂ ಒಂದು ಒಳ್ಳೆಯದು.

ಬಾಡಿಗೆ ಕೊಟ್ಟವರ ಸೇವೆ ಪರವಾಗಿಲ್ಲ. ಹುಡುಗ ಹೇಳಿದ ಹೊತ್ತಿಗೆ ಬರುತ್ತಿದ್ದ, ಫೋನ್ ಎತ್ತುತ್ತಿದ್ದ. ದಿನದ ಬಾಡಿಗೆ ಬೇರೆ, ಡ್ರೆಸಿಂಗ್ ಕಿಟ್ ಬೇರೆ ಬಿಲ್ ಆಗುತ್ತದೆ, ಮೊದಲೇ ಎರಡನ್ನೂ ಕೂಡಿಸಿ ಕೇಳಿಕೊಳ್ಳಿ. ಅಂಟಿನ ವಿಷಯ ಹೇಳಿದಾಗ ಮಾತ್ರ "ಗಟ್ಟಿಯಾಗಿ ಅಂಟ್ಕೊಂಡ್ರೆ ಒಳ್ಳೇದೇ ಅಲ್ವಾ ಸರ್" ಅಂದ. ಅವನ ತಪ್ಪಲ್ಲ, ಬಿಡಿಸುವುದನ್ನು ಅವನಿಗೆ ಯಾರೂ ತೋರಿಸಿಲ್ಲ. ನೀವು ತರುವಾಗ ಎಷ್ಟು ಗಟ್ಟಿ ಹಿಡಿಯುತ್ತೆ ಅಂತ ಕೇಳುವ ಜೊತೆಗೆ ಹೇಗೆ ಬಿಡಿಸುತ್ತೀರಿ, ನಮ್ಮೆದುರಿಗೆ ಒಂದು ಸಲ ಬಿಡಿಸಿ ತೋರಿಸಿ ಅಂತ ಕೇಳಿ. ಅಂಟಿಸುವ ಮುಂಚೆ ಚರ್ಮದ ಮೇಲೆ ಹಚ್ಚುವ ರಕ್ಷಣೆಯ ದ್ರವ ಸಿಗುತ್ತದೆ, ಅದನ್ನೂ ಕೇಳಿ. ಇನ್ನು ವ್ಯಾಕ್ ಎಲ್ಲ ಗಾಯಕ್ಕೂ ಆಗುವುದಿಲ್ಲ. ಸತ್ತ ಮಾಂಸ ಇನ್ನೂ ಉಳಿದಿದ್ದರೆ, ರಕ್ತನಾಳ ಹೊರಗೆ ಕಾಣುತ್ತಿದ್ದರೆ, ಮೂಳೆಗೆ ಸೋಂಕಾಗಿ ಚಿಕಿತ್ಸೆ ಆಗಿರದಿದ್ದರೆ ಹಾಕಬಾರದು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಐದನೇ ವಾರದ ಕೊನೆಗೆ ಗಾಯ ಅರ್ಧಕ್ಕಿಂತ ಚಿಕ್ಕದಾಗಿದೆ, ತಳದಲ್ಲಿ ಕೆಂಪು ಮಾಂಸ ತುಂಬಿದೆ. ಮೆಷಿನ್ ವಾಪಸ್ ಕೊಟ್ಟೆವು, ಈಗ ಮಾಮೂಲಿ ಡ್ರೆಸಿಂಗ್. ಸುಲಿದ ಜಾಗವೂ ಮಾಗಿದೆ, ಅಲ್ಲಿ ಚರ್ಮ ಇನ್ನೂ ಸ್ವಲ್ಪ ಬಿಳಿಚಿಕೊಂಡಿದೆ. ಒರೆಸುವ ಹಾಳೆಯನ್ನು ಈಗಲೂ ಪ್ರತಿ ಸಲ ಮೈಸೂರಿಂದಲೇ ತರುತ್ತಿದ್ದೇನೆ. ಮಂಡ್ಯದಲ್ಲಿ ಯಾವುದಾದರೂ ಅಂಗಡಿಯಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ದಯವಿಟ್ಟು ತಿಳಿಸಿ.