ಮೂರಕ್ಕೂ ದುಡ್ಡು ಕೊಟ್ಟೆ, ಕೆಲಸಕ್ಕೆ ಬಂದದ್ದು ಎಸ್‌ಎಸ್‌ಡಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಸ್‌ಎಸ್‌ಡಿಗೆ, ಅಂದರೆ ಹಾರ್ಡ್ ಡಿಸ್ಕಿನ ಬದಲು ಹಾಕುವ, ತಿರುಗುವ ಭಾಗವಿಲ್ಲದ ಡಿಸ್ಕಿಗೆ. ಮನೆಯ ಹಳೇ ಕಂಪ್ಯೂಟರ್ ಆಮೆಯಾಗಿತ್ತು. ಅದನ್ನು ಓಡಿಸಲು ಒಂದೇ ವರ್ಷದಲ್ಲಿ ನಾಲ್ಕು ದಾರಿ ಹಿಡಿದೆ. ಪುಕ್ಕಟೆ ಕ್ಲೀನರ್, ಅಂಗಡಿಯಲ್ಲಿ ಫಾರ್ಮ್ಯಾಟ್, ಜಾಸ್ತಿ ರ‍್ಯಾಮ್, ಕೊನೆಗೆ ಎಸ್‌ಎಸ್‌ಡಿ. ಕೊನೆಗೆ ಮಾಡಿದ್ದನ್ನು ಮೊದಲೇ ಮಾಡಬಹುದಿತ್ತು ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ನನ್ನ ಕೆಲಸ ಏನು ಅಂತ ಗೊತ್ತಾದರೆ ನನ್ನ ತೀರ್ಪು ನಿಮಗೆ ಹೊಂದುತ್ತದೋ ಇಲ್ಲವೋ ನೀವೇ ನೋಡಿಕೊಳ್ಳಬಹುದು. ಡೊಂಬಿವಲಿ ಪೂರ್ವದಲ್ಲಿ ನಮ್ಮ ಮನೆ. ನಮ್ಮ ಊರಿನವರದೇ ಎರಡು ಉಡುಪಿ ಹೋಟೆಲಿನ ಲೆಕ್ಕವನ್ನು ಮನೆಯಿಂದಲೇ ಟ್ಯಾಲಿ ಸಾಫ್ಟ್‌ವೇರಿನಲ್ಲಿ ಬರೆಯುತ್ತೇನೆ. ಪ್ರತಿ ತಿಂಗಳು 20ರೊಳಗೆ ಜಿಎಸ್‌ಟಿ 3ಬಿ ತುಂಬಬೇಕು. ಕಂಪ್ಯೂಟರ್ 2018ರಲ್ಲಿ ಜೋಡಿಸಿಕೊಂಡದ್ದು. ಎಂಟನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಬೆಳಿಗ್ಗೆ ಸ್ವಿಚ್ ಹಾಕಿ, ಹಾಲು ಕಾಸಿ, ಚಹಾ ಮಾಡಿ, ಎರಡು ಬಿಸ್ಕತ್ತು ಅದ್ದಿ ತಿಂದು ಬಂದರೂ ಟ್ಯಾಲಿ ತೆರೆದಿರುತ್ತಿರಲಿಲ್ಲ. ಒಂದು ದಿನ ಗಡಿಯಾರ ನೋಡಿದೆ. 6 ನಿಮಿಷ.

ಪುಕ್ಕಟೆ ಕ್ಲೀನರ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. "ನಿಮ್ಮ ಕಂಪ್ಯೂಟರಿನಲ್ಲಿ ಸಾವಿರಾರು ದೋಷಗಳಿವೆ" ಅಂತ ಕೆಂಪು ಅಕ್ಷರದಲ್ಲಿ ಹೆದರಿಸಿತು. ಸರಿ ಮಾಡಲು ದುಡ್ಡು ಕೇಳಿತು. ನಾನು ಕೊಡಲಿಲ್ಲ. ಆಮೇಲೆ ಅದೇ ದಿನಾ ಬೆಳಿಗ್ಗೆ ತಾನಾಗಿ ಶುರುವಾಗಿ ಇನ್ನಷ್ಟು ತಡ ಮಾಡಿತು. ವಿಂಡೋಸಿನ ಒಳಗಿನ ಸೆಟ್ಟಿಂಗ್ ಪಟ್ಟಿಯನ್ನು ಕೆದಕುವ ಇಂಥ ರಿಜಿಸ್ಟ್ರಿ ಕ್ಲೀನರ್‌ಗಳನ್ನು ತಾವು ಬೆಂಬಲಿಸುವುದಿಲ್ಲ ಅಂತ ಮೈಕ್ರೋಸಾಫ್ಟ್‌ನವರೇ ಹೇಳುತ್ತಾರೆ. ತೆಗೆದುಹಾಕಿದೆ, ಮುಗಿಯಿತು.

ಎರಡನೆಯದು ಫಾರ್ಮ್ಯಾಟ್, ಅಂದರೆ ಸಿ ಡ್ರೈವ್ ಅಳಿಸಿ ವಿಂಡೋಸ್ ಮತ್ತೆ ಹಾಕುವುದು. ಸ್ಟೇಷನ್ ಹತ್ತಿರದ ರಿಪೇರಿ ಅಂಗಡಿಯಲ್ಲಿ 600 ರೂಪಾಯಿ. "ಕಾಕೂ, ಡಿ ಡ್ರೈವ್ ಮುಟ್ಟಲ್ಲ, ಎಲ್ಲಾ ಸೇಫ್" ಅಂದ ಹುಡುಗ. ಅವನು ಸುಳ್ಳು ಹೇಳಲಿಲ್ಲ, ಡಿ ಮುಟ್ಟಲೇ ಇಲ್ಲ. ಆದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಇರುವುದು ಸಿ ಡ್ರೈವಿನಲ್ಲಿ. ಅದು ನನಗೂ ಹೊಳೆಯಲಿಲ್ಲ, ಅವನೂ ಕೇಳಲಿಲ್ಲ. ಟ್ಯಾಲಿ ಡೇಟಾ ಡಿಯಲ್ಲಿದ್ದದ್ದು ನನ್ನ ಪುಣ್ಯ. ಡೆಸ್ಕ್‌ಟಾಪಿನಲ್ಲಿದ್ದ ಫೋಟೋಗಳು, ಬ್ರೌಸರಿನಲ್ಲಿ ಉಳಿಸಿದ್ದ ಪಾಸ್‌ವರ್ಡುಗಳು ಹೋದವು. ನುಡಿ ಫಾಂಟೂ ಹೋಯಿತು. ಡಿಯಲ್ಲಿದ್ದ ಹಳೇ ಆಮಂತ್ರಣ ಪತ್ರಿಕೆ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ನುಡಿ ಮತ್ತೆ ಹಾಕಿದ ಮೇಲೆ ಅದು ಸರಿಹೋಯಿತು ಅನ್ನಿ. ಪ್ರಿಂಟರಿನ ಡ್ರೈವರ್ ಹುಡುಕುವುದರಲ್ಲಿ ಒಂದು ಸಂಜೆ ಹೋಯಿತು.

ವೇಗ? ಮೊದಲ ವಾರ 3 ನಿಮಿಷಕ್ಕೆ ಇಳಿಯಿತು. ನಾಲ್ಕು ತಿಂಗಳಲ್ಲಿ ಮತ್ತೆ 5ಕ್ಕೆ ಬಂತು. ವೈರಸ್ ಹೊಕ್ಕಿದ್ದರೆ ಅಥವಾ ವಿಂಡೋಸ್ ನಿಜವಾಗಿ ಕೆಟ್ಟಿದ್ದರೆ ಫಾರ್ಮ್ಯಾಟ್ ಸರಿ. ಬರೀ ನಿಧಾನಕ್ಕೆ ಅದು ಮದ್ದಲ್ಲ.

ಮೂರನೆಯದು ರ‍್ಯಾಮ್. 8 ಜಿಬಿಯ ಒಂದು ಪಟ್ಟಿ, 1,800 ರೂಪಾಯಿ. ಹಳೆಯ 4 ಜೊತೆ ಸೇರಿ 12 ಆಯಿತು. ಇದನ್ನು ಪೂರ್ತಿ ಬೈಯಲಾರೆ. ಟ್ಯಾಲಿ, ಜಿಎಸ್‌ಟಿ ಪೋರ್ಟಲ್, ಬ್ಯಾಂಕಿನ ಪುಟ ಮೂರನ್ನೂ ಒಟ್ಟಿಗೆ ತೆರೆದಿಟ್ಟರೂ ಈಗ ಏದುಸಿರು ಬಿಡುವುದಿಲ್ಲ. ಆದರೆ ಬೆಳಿಗ್ಗೆ ಶುರುವಾಗುವ ಹೊತ್ತು ಹೆಚ್ಚುಕಮ್ಮಿ ಅಷ್ಟೇ ಉಳಿಯಿತು. ನನಗೆ ನೋಯುತ್ತಿದ್ದದ್ದು ಹಲ್ಲು, ನಾನು ಹಾಕಿಸಿಕೊಂಡದ್ದು ಕನ್ನಡಕ.

ರ‍್ಯಾಮ್ ವಿಷಯ ಬಂದದ್ದಕ್ಕೆ ಒಂದು ಮಾತು. ಮುಂಬೈ ಕಡೆಯ ಮಳೆಗಾಲದಲ್ಲಿ ಸ್ವಿಚ್ ಹಾಕಿದರೆ ಫ್ಯಾನ್ ತಿರುಗುತ್ತದೆ, ಬೀಪ್ ಬೀಪ್ ಅನ್ನುತ್ತದೆ, ಪರದೆ ಮಾತ್ರ ಕಪ್ಪು. ಗೋಡೆಯ ಸ್ವಿಚ್ ಆರಿಸಿ, ರ‍್ಯಾಮ್ ಪಟ್ಟಿ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಟಕ್ ಅನ್ನುವ ತನಕ ಒತ್ತಿ ಕೂರಿಸಿ. ನಮ್ಮ ಮನೆಯಲ್ಲಿ ಎರಡು ಸಲ ಇದರಲ್ಲೇ ಸರಿಹೋಗಿದೆ. ಖರ್ಚು 5 ರೂಪಾಯಿಯ ರಬ್ಬರು.

ಇಷ್ಟೆಲ್ಲಾ ಆದ ಮೇಲೆ ಪುಣೆಯಲ್ಲಿರುವ ತಂಗಿಯ ಮಗ ಫೋನಿನಲ್ಲಿ ಕೇಳಿದ. "ದೊಡ್ಡಮ್ಮ, ಟಾಸ್ಕ್ ಮ್ಯಾನೇಜರ್ ನೋಡಿದ್ರಾ?" ಇಲ್ಲ ಅಂದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿಸಿದ. ಕಂಪ್ಯೂಟರಿನ ಯಾವ ಭಾಗ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಕಿಟಕಿ ತೆರೆಯಿತು. ಸಿಪಿಯು 9 ಪರ್ಸೆಂಟ್, ಮೆಮೊರಿ 40, ಡಿಸ್ಕ್ 100. ಕೆಂಪಗಾಗಿ ಕೂತಿತ್ತು.

ಹೋಟೆಲ್ ಲೆಕ್ಕ ಬರೆಯುವವಳಿಗೆ ಇದು ತಕ್ಷಣ ಅರ್ಥವಾಯಿತು. ಸಿಪಿಯು ಅಂದರೆ ಭಟ್ಟರು, ಮೆಮೊರಿ ಅಂದರೆ ರ‍್ಯಾಮ್, ಅದು ಟೇಬಲ್, ಡಿಸ್ಕ್ ಅಂದರೆ ಸಪ್ಲೈಯರ್. ಅಡುಗೆಮನೆಯಲ್ಲಿ ಭಟ್ಟರು ಸುಮ್ನೆ ಕೂತಿದ್ದಾರೆ, ಟೇಬಲ್ ಬೇಕಾದಷ್ಟು ಖಾಲಿ ಇದೆ, ಆದರೆ ಇರುವುದು ಒಬ್ಬನೇ ಸಪ್ಲೈಯರ್. ಅವನೂ ಒಂದು ಸಲಕ್ಕೆ ಒಂದೇ ಪ್ಲೇಟ್ ತರುವವನು. ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು ತಿರುಗುತ್ತವೆ. ಓದುವ ಮುಳ್ಳು ಅತ್ತಿಂದಿತ್ತ ಓಡಿ, ಬೇಕಾದ ಜಾಗ ತನ್ನ ಕೆಳಗೆ ಬರುವ ತನಕ ಕಾಯಬೇಕು. ಚದುರಿದ ಸಣ್ಣ ಫೈಲುಗಳಾದರೆ ಸೆಕೆಂಡಿಗೆ ನೂರು ಚಿಲ್ಲರೆ ಓದಿದರೆ ದೊಡ್ಡದು. ವಿಂಡೋಸ್ ಶುರುವಾಗುವಾಗ ಓದುವುದು ಬಹುಪಾಲು ಅಂಥವನ್ನೇ. ಎಸ್‌ಎಸ್‌ಡಿಯಲ್ಲಿ ತಿರುಗುವುದೇ ಏನೂ ಇಲ್ಲ, ಸೆಕೆಂಡಿಗೆ ಹತ್ತಾರು ಸಾವಿರ ಸಲ ಓದುತ್ತದೆ. ಭಟ್ಟರನ್ನು ಬದಲಿಸಿ ಏನು ಪ್ರಯೋಜನ? ಟೇಬಲ್ ಹೆಚ್ಚಿಸಿ ಏನು ಪ್ರಯೋಜನ? ನಾನು ಮಾಡಿದ್ದು ಅದನ್ನೇ ಅಲ್ವಾ!

ಒಂದು ಶನಿವಾರ ಲೋಕಲ್ ಹಿಡಿದು ದಾದರಿಗೆ ಬಂದೆ. ಅಲ್ಲಿ ವೆಸ್ಟರ್ನ್ ಲೈನಿಗೆ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದು ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿಗೆ ನಡೆದೆ. 500 ಜಿಬಿಯ ಸಾಟಾ (ಹಾರ್ಡ್ ಡಿಸ್ಕಿನಂತೆಯೇ ಕೇಬಲ್ಲಿನಲ್ಲಿ ಸಿಕ್ಕಿಸುವ ಬಗೆ) ಎಸ್‌ಎಸ್‌ಡಿ, ಆಗ ಸುಮಾರು 3,000 ರೂಪಾಯಿ. ಬೆಲೆ ಏರಿಳಿಯುತ್ತಲೇ ಇರುತ್ತದೆ, ನಾಲ್ಕು ಕಡೆ ಕೇಳಿ. ಬಿಲ್ ಇಲ್ಲದೆ ಕೊಂಡರೆ 18 ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತದೆ ಅಂತ ಆಸೆ ತೋರಿಸುವವರಿದ್ದಾರೆ. ಬೇರೆಯವರ ಜಿಎಸ್‌ಟಿ ತುಂಬುವವಳು ನಾನು, ನನಗೇ ಈ ಮಾತು! ಬಿಲ್ ಇಲ್ಲದಿದ್ದರೆ ನಾಳೆ ವಾರಂಟಿ ಕೇಳುವುದು ಯಾರ ಹತ್ತಿರ? ಇದಕ್ಕಿಂತ ವೇಗದ ಎನ್‌ವಿಎಂಇ ಅಂತ ಬೇರೆ ಬಗೆಯೂ ಇದೆ. ನನ್ನ ಟ್ಯಾಲಿಗೆ ಅಷ್ಟೆಲ್ಲಾ ಬೇಡ.

ಮನೆಗೆ ಬಂದು ಪೆಟ್ಟಿಗೆ ಬಿಚ್ಚಿದರೆ ಒಳಗೆ ಕೇಬಲ್ಲೇ ಇಲ್ಲ. ಕೊಡುವುದಿಲ್ಲವಂತೆ, ಬೇರೆ ಕೊಳ್ಳಬೇಕಂತೆ. ಮತ್ತೆ ಗ್ರಾಂಟ್ ರೋಡಿಗೆ ಯಾರು ಹೋಗುತ್ತಾರೆ? ಡಿವಿಡಿ ಡ್ರೈವಿನ ಎರಡೂ ಕೇಬಲ್ ಕಿತ್ತು ಇದಕ್ಕೆ ಸಿಕ್ಕಿಸಿದೆ. ಸರಿಯಾಗಿ ಕೂತವು. ಹಾರ್ಡ್ ಡಿಸ್ಕಿನ ಗೂಡಿಗೆ ಇದು ತೀರಾ ಚಿಕ್ಕದು, ಸ್ಕ್ರೂ ಸೇರುವುದಿಲ್ಲ. ಅಲುಗುವ ಭಾಗ ಏನೂ ಇಲ್ಲದ್ದರಿಂದ ಎರಡು ಬದಿಯ ಟೇಪ್ ಹಚ್ಚಿ ಅಂಟಿಸಿಬಿಟ್ಟೆ.

ಮತ್ತೆ ಫಾರ್ಮ್ಯಾಟ್ ಆಗುವುದು ಬೇಡ ಅಂತ ಹಳೇ ಡಿಸ್ಕನ್ನು ಇದ್ದ ಹಾಗೆಯೇ ಹೊಸದಕ್ಕೆ ಕ್ಲೋನ್ ಮಾಡಿದೆ. ಎಸ್‌ಎಸ್‌ಡಿ ಕಂಪನಿಯವರೇ ಅದಕ್ಕೆ ಪುಕ್ಕಟೆ ಸಾಫ್ಟ್‌ವೇರ್ ಕೊಡುತ್ತಾರೆ. ಹಳೆಯದು 1 ಟಿಬಿ, ಹೊಸದು 500 ಜಿಬಿ. ತುಂಬಿದ್ದದ್ದು 180 ಜಿಬಿ ಮಾತ್ರ, ಹಾಗಾಗಿ ಹಿಡಿಸಿತು. ಎರಡೂವರೆ ಗಂಟೆ ಆಯಿತು. ಮುಗಿದಾಗ ರಾತ್ರಿ ಹನ್ನೊಂದು.

ನಿಜವಾದ ಫಜೀತಿ ಇಲ್ಲಿಂದ ಶುರು.

ಭಾನುವಾರ ಬೆಳಿಗ್ಗೆ ಆನ್ ಮಾಡಿದೆ. ವಿಂಡೋಸ್ ಬಂತು. ಆಹಾ, ಎಷ್ಟು ಚುರುಕು ಅನಿಸಿತು. ತಂಗಿಯ ಮಗನಿಗೆ ಫೋನ್ ಮಾಡಿ "ಬಾಣದ ಹಾಗೆ ಓಡ್ತಾ ಇದೆ ಮಾರಾಯ" ಅಂದೆ. ಇವರನ್ನು ಕರೆದು ತೋರಿಸಿದೆ. ಇವರು ಎರಡು ನಿಮಿಷ ನೋಡಿ "ಮೊದಲೂ ಹೀಗೇ ಇತ್ತಲ್ಲ" ಅಂದರು. ಹೆಂಡತಿ ಏನು ಕೊಂಡರೂ ಇವರಿಗೆ ಹಾಗೇ ಅನಿಸುತ್ತದೆ ಅಂತ ಸುಮ್ಮನಾದೆ. ಆ ದಿನವೂ ಸೋಮವಾರವೂ ಕೂತು ಎರಡೂ ಹೋಟೆಲಿನ ವೋಚರುಗಳನ್ನು ತುಂಬಿದೆ.

ಮಂಗಳವಾರ ಏಕೋ ಅನುಮಾನ ಬಂತು. ಚಹಾ ಮಾಡಿ ಬಂದರೂ ಟ್ಯಾಲಿ ತೆರೆದಿರಲಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟಕ್ಕೆ ಹೋದೆ. ಸಿ ಡ್ರೈವ್ ಅಂತ ಬರೆದ ಡಿಸ್ಕಿನ ಕೆಳಗೆ ಎಚ್‌ಡಿಡಿ (ಹಾರ್ಡ್ ಡಿಸ್ಕ್) ಅಂತಿತ್ತು. ಅಂದರೆ ಎರಡು ದಿನ ನಾನು ಓಡಿಸುತ್ತಿದ್ದದ್ದು ಹಳೇ ಡಿಸ್ಕನ್ನೇ! ಇವರು ಹೇಳಿದ್ದೇ ಸರಿ. ಇದನ್ನು ಇವರಿಗೆ ಇವತ್ತಿಗೂ ಹೇಳಿಲ್ಲ.

ಆದದ್ದು ಇಷ್ಟೆ. ಎರಡೂ ಡಿಸ್ಕ್ ಸಿಕ್ಕಿಸಿಯೇ ಇದ್ದವು. ಯಾವುದರಿಂದ ಶುರು ಮಾಡಬೇಕು ಅನ್ನುವ ಬಯೋಸ್ ಪಟ್ಟಿಯಲ್ಲಿ ಹಳೆಯದೇ ಮೊದಲಿತ್ತು. ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಎಸ್‌ಎಸ್‌ಡಿ ಎದುರು ಆಫ್‌ಲೈನ್ ಅಂತ ಬರೆದಿತ್ತು. ಕ್ಲೋನ್ ಅಂದರೆ ಅಚ್ಚು ನಕಲು, ಡಿಸ್ಕಿನ ಗುರುತಿನ ಸಂಖ್ಯೆ ಸಹಿತ. ಒಂದೇ ಗುರುತಿನ ಎರಡು ಡಿಸ್ಕ್ ಕಂಡರೆ ವಿಂಡೋಸ್ ಒಂದನ್ನು ಮೂಲೆಗೆ ಕೂರಿಸುತ್ತದೆ. ಮೂರು ಸಾವಿರದ ವಸ್ತು ಕ್ಯಾಬಿನೆಟ್ಟಿನೊಳಗೆ ಟೇಪ್ ಹಚ್ಚಿಸಿಕೊಂಡು ಎರಡು ದಿನ ನಿದ್ದೆ ಹೊಡೆದಿತ್ತು.

ಅಲ್ಲೇ ಆನ್‌ಲೈನ್ ಅನ್ನುವ ಆಯ್ಕೆಯೂ ಇತ್ತು. ಒತ್ತುವವಳಿದ್ದೆ. "ದೊಡ್ಡಮ್ಮ, ಅದನ್ನ ಮುಟ್ಬೇಡಿ" ಅಂತ ಫೋನಿನಲ್ಲೇ ಕೂಗಿದ ಹುಡುಗ. ಒತ್ತಿದರೆ ವಿಂಡೋಸ್ ಎಸ್‌ಎಸ್‌ಡಿಗೆ ಹೊಸ ಗುರುತು ಕೊಡುತ್ತದೆ. ಒಳಗಿನ ಬೂಟ್ ಕಡತದಲ್ಲಿ ಹಳೇ ಗುರುತೇ ಉಳಿದಿರುತ್ತದೆ. ಆಮೇಲೆ ಅದರಿಂದ ಶುರುವಾಗದೇ ಇರಬಹುದು, ಮಾಡಿದ ಕ್ಲೋನ್ ದಂಡ. ಸರಿಯಾದ ದಾರಿ ಬಹಳ ಸುಲಭದ್ದು. ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಹಳೇ ಡಿಸ್ಕಿನ ಕೇಬಲ್ ಕಿತ್ತು, ಎಸ್‌ಎಸ್‌ಡಿ ಒಂದನ್ನೇ ಬಿಟ್ಟು ಆನ್ ಮಾಡಬೇಕು. ಕ್ಲೋನ್ ಆದ ತಕ್ಷಣ ಮಾಡಬೇಕಾದದ್ದು ಇದನ್ನೇ. ಕ್ಲೋನ್ ಬಗ್ಗೆ ನೋಡಿದ ವಿಡಿಯೋದಲ್ಲಿ ಹೇಳಿದ್ದರೋ ಏನೋ, ನಾನು ಅದನ್ನು ಮುಂದಕ್ಕೆ ಓಡಿಸಿ ಓಡಿಸಿ ನೋಡಿದ್ದೆ.

ಹಾಗೇ ಮಾಡಿದೆ. 45 ಸೆಕೆಂಡಿನಲ್ಲಿ ಟ್ಯಾಲಿ ತೆರೆಯಿತು. ಹಾಲಿನ ಪಾತ್ರೆ ಒಲೆಯ ಮೇಲೆ ಇಟ್ಟಿರಲಿಲ್ಲ, ಅಷ್ಟರಲ್ಲಿ! ಖುಷಿಯಿಂದ ಡೇ ಬುಕ್ ತೆರೆದೆ. ಕೊನೆಯ ವೋಚರ್ ಶನಿವಾರದ್ದು. ಎರಡು ದಿನ ತುಂಬಿದ್ದು ಒಂದೂ ಇಲ್ಲ. ಎದೆ ಧಸಕ್ ಅಂತು. ಆಮೇಲೆ ಹೊಳೆಯಿತು, ಅವೆಲ್ಲಾ ಹಳೇ ಡಿಸ್ಕಿನಲ್ಲಿವೆ. ಮತ್ತೆ ಕೇಬಲ್ ಬದಲಿಸಿ, ಹಳೆಯದರಿಂದ ಶುರು ಮಾಡಿ, ಟ್ಯಾಲಿ ಬ್ಯಾಕಪ್ಪನ್ನು ಪೆನ್ ಡ್ರೈವಿಗೆ ತೆಗೆದು, ಮತ್ತೆ ಕೇಬಲ್ ಬದಲಿಸಿ, ಎಸ್‌ಎಸ್‌ಡಿಯಲ್ಲಿ ರಿಸ್ಟೋರ್ ಮಾಡಿದೆ. ಕೈಯೆಲ್ಲಾ ಕ್ಯಾಬಿನೆಟ್ಟಿನ ಧೂಳು.

ಹಳೇ ಡಿಸ್ಕನ್ನು ಒಂದು ತಿಂಗಳು ಕಪಾಟಿನಲ್ಲಿಟ್ಟಿದ್ದೆ. ಎಲ್ಲಾ ಸರಿ ಇದೆ ಅಂತ ಖಾತ್ರಿಯಾದ ಮೇಲೆ ಅಳಿಸಿ ಬ್ಯಾಕಪ್ಪಿಗೆ ಇಟ್ಟುಕೊಂಡಿದ್ದೇನೆ. ನಿಮ್ಮ ಡಿಸ್ಕ್ ಟಿಕ್ ಟಿಕ್ ಸದ್ದು ಮಾಡುತ್ತಿದ್ದರೆ ಮಾತ್ರ ಕ್ಲೋನ್, ವೇಗ ಎಲ್ಲಾ ಆಮೇಲೆ. ಅದು ಸಾಯುವ ಮೊದಲು ಫೈಲುಗಳನ್ನು ಬೇರೆ ಕಡೆ ನಕಲು ಮಾಡಿಕೊಳ್ಳಿ.

ಕಾಸಿಲ್ಲದ ಎರಡು ಉಪಾಯ ಮಾತ್ರ ಕೆಲಸಕ್ಕೆ ಬಂದವು. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪುಟದಲ್ಲಿ ಬೇಡದ್ದನ್ನು ಡಿಸೇಬಲ್ ಮಾಡಿದೆ, ಆಂಟಿವೈರಸ್ ಬಿಟ್ಟು. ಇನ್ನೊಂದು ನನಗೇ ಆಶ್ಚರ್ಯ. ದಿನಾ ರಾತ್ರಿ ಶಟ್‌ಡೌನ್ ಮಾಡುತ್ತಿದ್ದೆ, ಆದರೂ ಸಿಪಿಯು ಪುಟದಲ್ಲಿ ಅಪ್‌ಟೈಮ್, ಅಂದರೆ ನಿಲ್ಲದೆ ಓಡಿದ ಹೊತ್ತು, 11 ದಿನ ಅಂತಿತ್ತು. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಅನ್ನುವ ಸೆಟ್ಟಿಂಗ್ ಆನ್ ಇದ್ದರೆ ಶಟ್‌ಡೌನ್ ಅನ್ನುವುದು ಅರ್ಧ ನಿದ್ದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಪೂರ್ತಿ ಎದ್ದು ಸ್ನಾನ ಮಾಡಿ ಬರುತ್ತದೆ. ವಿಚಿತ್ರವಾಗಿ ಆಡಿದರೆ ಮೊದಲು ರೀಸ್ಟಾರ್ಟ್.

ಹೊಸ ಲ್ಯಾಪ್‌ಟಾಪ್ ತಗೊಳ್ಳಿ ಅಂತ ಹುಡುಗ ಈಗಲೂ ಹೇಳುತ್ತಾನೆ. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಅವನ ಮಾತಿನಲ್ಲಿ ಅರ್ಥ ಇದೆ. ಆದರೆ ನನ್ನ ಎಂಟನೇ ತಲೆಮಾರಿನ ಐ3 ವಿಂಡೋಸ್ 11ಕ್ಕೆ ನಡೆಯುತ್ತದೆ. ಬಯೋಸಿನಲ್ಲಿ ಟಿಪಿಎಂ ಅನ್ನುವ ಭದ್ರತೆಯ ಸೌಲಭ್ಯ ಆನ್ ಮಾಡಬೇಕು, ಡಿಸ್ಕಿನ ವಿಂಗಡಣೆಯನ್ನು ಎಂಬಿಆರ್ ಅನ್ನುವ ಹಳೇ ಪದ್ಧತಿಯಿಂದ ಜಿಪಿಟಿ ಅನ್ನುವ ಹೊಸದಕ್ಕೆ ಬದಲಿಸಬೇಕು. ಅದು ಇನ್ನೊಂದು ಭಾನುವಾರದ ಕೆಲಸ, ಈ ಸಲ ಬ್ಯಾಕಪ್ ತೆಗೆದು. ನಿಮ್ಮದು ಏಳನೇ ತಲೆಮಾರು ಅಥವಾ ಅದಕ್ಕಿಂತ ಹಳೆಯದಾದರೆ ನನ್ನ ಮಾತು ಬಿಡಿ, ಹುಡುಗನ ಮಾತು ಕೇಳಿ.

ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100 ತೋರಿಸುತ್ತಿದ್ದರೆ ಎಸ್‌ಎಸ್‌ಡಿ. ಮೆಮೊರಿ 85, 90 ತೋರಿಸುತ್ತಿದ್ದರೆ ರ‍್ಯಾಮ್. ಎರಡೂ ಕಮ್ಮಿ ಇದ್ದು ಜಾಲತಾಣ ಮಾತ್ರ ನಿಧಾನವಾದರೆ ನೆಟ್ಟಿನವನಿಗೆ ಫೋನ್ ಮಾಡಿ, ಕಂಪ್ಯೂಟರ್ ಬಿಚ್ಚಬೇಡಿ.

ಡಿವಿಡಿ ಡ್ರೈವಿಗೆ ಇವತ್ತಿಗೂ ಕೇಬಲ್ ಇಲ್ಲ. ಮನೆಯಲ್ಲಿ ಯಾರಿಗೂ ಗೊತ್ತಾಗಿಲ್ಲ.