ಅಡೇನಿಯಂ ಬೀಜ ಹಾಕಿ, ಹವೋರ್ಥಿಯಾ ಕೊಂಡು ತನ್ನಿ: ಕೊಪ್ಪಳದ ಮಾಳಿಗೆಯಿಂದ ಒಂದು ವಿಮರ್ಶೆ

ಕೊಪ್ಪಳದಲ್ಲಿ ಸಕ್ಯುಲೆಂಟ್, ಅಂದರೆ ಎಲೆ, ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ ತರಬೇಕು ಅನ್ನುವವರು ಮೊದಲು ಕೇಳೋದು ಒಂದೇ ಮಾತು: ಇದು ಏಪ್ರಿಲ್ ದಾಟುತ್ತಾ? ದಾಟುವ ಗಿಡಗಳಿವೆ, ಬೇಕಾದಷ್ಟಿವೆ. ಆದರೆ ಯಾವುದನ್ನು ಬೀಜ ಹಾಕಿ ಬೆಳೆಸಬೇಕು, ಯಾವುದನ್ನು ಗಿಡವಾಗಿಯೇ ಕೊಳ್ಳಬೇಕು ಅನ್ನೋದು ಗೊತ್ತಿದ್ದರೆ ದುಡ್ಡೂ ಉಳಿಯುತ್ತದೆ, ಗಿಡವೂ ಉಳಿಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಬ್ಲೌಸ್ ಹೊಲಿಯುವವಳು. ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ಮಾಳಿಗೆ. ಸುತ್ತ ಬಂಡೆಗುಡ್ಡ. ಬೇಸಿಗೆಯಲ್ಲಿ 40 ಡಿಗ್ರಿ ದಾಟೋದು ನಮಗೆ ಹೊಸದಲ್ಲ. ಹಗಲು ಕಾದ ಕಲ್ಲು, ಕಾದ ಸ್ಲ್ಯಾಬು ರಾತ್ರಿ ಊಟ ಮುಗಿದ ಮೇಲೂ ಬಿಸಿ ಬಿಡುತ್ತಲೇ ಇರುತ್ತವೆ. ಸಕ್ಯುಲೆಂಟ್ ವಿಷಯದಲ್ಲಿ ಹಗಲಿನ ಬಿಸಿಲಿಗಿಂತ ಈ ರಾತ್ರಿ ಸೆಕೆಯೇ ಜಾಸ್ತಿ ಲೆಕ್ಕಕ್ಕೆ ಬರುತ್ತದೆ.

ಕಾರಣ ಇದು. ಗುಲಾಬಿ ಹೂವಿನಂತೆ ಎಲೆ ಸುತ್ತಿಕೊಳ್ಳುವ ಎಚೆವೇರಿಯಾ, ಸೆಂಪರ್ವೈವಮ್‌ನಂಥ ಗಿಡಗಳು ನೀರು ಉಳಿಸೋಕೆ ಹಗಲಲ್ಲಿ ಎಲೆಯ ರಂಧ್ರ ಮುಚ್ಚಿಕೊಂಡು, ರಾತ್ರಿ ತೆರೆದು ಗಾಳಿ ಒಳಗೆ ತೆಗೆದುಕೊಳ್ಳುತ್ತವೆ. ರಾತ್ರಿ ತಂಪಿದ್ದರೆ ಮಾತ್ರ ಈ ಕೆಲಸ ಸರಿಯಾಗಿ ನಡೆಯುತ್ತದೆ. ಎಚೆವೇರಿಯಾ ಹೆಚ್ಚಾಗಿ ಮೆಕ್ಸಿಕೋ ಕಡೆಯ ಎತ್ತರದ ಜಾಗದ ಗಿಡ. ಸೆಂಪರ್ವೈವಮ್ ಯುರೋಪಿನ ಬೆಟ್ಟದ್ದು. ಹಿಮ ಬಿದ್ದರೂ ಬದುಕುತ್ತದೆ, ಅಷ್ಟು ಗಟ್ಟಿ. ಆದರೆ ಅದರ ಗಟ್ಟಿತನ ಎಲ್ಲಾ ಚಳಿಗೆ. ನಮ್ಮ ಮೇ ತಿಂಗಳ ರಾತ್ರಿಗೆ ಅದು ತಡೆಯೋದಿಲ್ಲ.

ಈಗ ಬೀಜದ ಪ್ಯಾಕೆಟ್ ವಿಷಯ. ಆನ್‌ಲೈನ್‌ನಲ್ಲಿ ‘ಮಿಕ್ಸ್ಡ್ ಸಕ್ಯುಲೆಂಟ್ ಸೀಡ್ಸ್’ ಅಂತ ಸಿಗುತ್ತವಲ್ಲ, ನೀಲಿ, ನೇರಳೆ, ಕಾಮನಬಿಲ್ಲಿನ ಬಣ್ಣದ ಫೋಟೋ ಹಾಕಿ? ಅದನ್ನು ದಯವಿಟ್ಟು ಕೊಳ್ಳಬೇಡಿ. ನನಗೆ ಬಂದ ಪ್ಯಾಕೆಟ್‌ನಲ್ಲಿ ಸಾಸಿವೆ ಗಾತ್ರದ ಕಪ್ಪು ಬೀಜ ಇದ್ದವು. ಹುಟ್ಟಿದ್ದು ಹೊಲದ ಬದುವಿನ ಹುಲ್ಲು, ಜೊತೆಗೆ ಒಂದಿಷ್ಟು ಕೀರೆ ಸೊಪ್ಪು. ನಿಜವಾದ ಎಚೆವೇರಿಯಾ ಬೀಜ ಧೂಳಿನಷ್ಟು ಸಣ್ಣದು, ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಚಿಮುಟಿಯಲ್ಲಿ ಒಂದೊಂದೇ ಎತ್ತಿ ಎಣಿಸೋಕೆ ಬಂತು ಅಂದರೆ ಅದು ಎಚೆವೇರಿಯಾ ಅಲ್ಲವೇ ಅಲ್ಲ. ಅಸಲಿ ಬೀಜ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಮಣ್ಣಿನ ಮೇಲೆ ಉದುರಿಸಿ ಮುಚ್ಚದೆ ಬಿಡಬೇಕು, ಅದಕ್ಕೆ ಬೆಳಕು ಬೇಕು. ನೀರನ್ನು ತಟ್ಟೆಯಲ್ಲಿಟ್ಟು ಕೆಳಗಿನಿಂದಲೇ ಕುಡಿಸಬೇಕು. ಮಿಶ್ರತಳಿಯ ಬೀಜವಾದರೆ ತಾಯಿ ಗಿಡದ ರೂಪವೇ ಬರುತ್ತದೆ ಅನ್ನುವ ಭರವಸೆಯೂ ಇಲ್ಲ. ಇಷ್ಟೆಲ್ಲ ಮಾಡಿ ಬೆಳೆಸಿದ್ದು ಬೇಸಿಗೆಗೆ ಕರಗಿ ಹೋದರೆ ಹೊಟ್ಟೆ ಉರಿಯುತ್ತದೆ. ಬೆಂಗಳೂರಲ್ಲಿ ಇರುವವರು ಬೇಕಾದರೆ ಬೆಳೆಸಲಿ.

ಅಡೇನಿಯಂ ಮಾತ್ರ ಬೇರೆ. ಈ ಗಿಡ ನಮ್ಮ ಬಿಸಿಲಿಗೇ ಹೇಳಿ ಮಾಡಿಸಿದ್ದು. ಮೂಲ ಪೂರ್ವ ಆಫ್ರಿಕಾ, ಅರೇಬಿಯಾ ಕಡೆ. ನಮ್ಮ ಕಣಗಿಲೆಯ ಬಳಗ. ಇದರ ಅಂದವೆಲ್ಲ ಬುಡದಲ್ಲಿದೆ, ಆ ದಪ್ಪ ಬುಡ ಚೆನ್ನಾಗಿ ಬರೋದು ಬೀಜದ ಗಿಡಕ್ಕೇ. ಕಡ್ಡಿ ನೆಟ್ಟು ಬೆಳೆಸಿದ ಗಿಡ ಹೂ ಬಿಡುತ್ತದೆ ನಿಜ, ಬುಡ ಮಾತ್ರ ಆ ರೀತಿ ದುಂಡಗಾಗೋದಿಲ್ಲ. ಕಡಿಮೆ ದರಕ್ಕೆ ಮಾರುವ ಎಷ್ಟೋ ಗಿಡ ಕಡ್ಡಿಯಿಂದ ಬಂದಿರುತ್ತವೆ.

ಬೀಜ ತಾಜಾ ಇರಬೇಕು, ಅದೊಂದೇ ಷರತ್ತು. ಹಳೇದಾದಂತೆ ಮೊಳಕೆ ಕಡಿಮೆ ಆಗುತ್ತಾ ಹೋಗುತ್ತದೆ. ಸಣ್ಣ ಕಡ್ಡಿ ಚೂರಿನಂಥ ಕಂದು ಬೀಜ, ಎರಡೂ ತುದಿಗೆ ರೇಷ್ಮೆಯಂಥ ಕೂದಲು. ಬೆರಳಲ್ಲಿ ಒತ್ತಿ ನೋಡಿ. ಗಟ್ಟಿ ಇದ್ದರೆ ಹಾಕಿ, ಪೊಳ್ಳಾಗಿ ಚಪ್ಪಟೆಯಾದರೆ ಬಿಸಾಕಿ. ನಾನು ತರಿಸಿದ ಪ್ಯಾಕೆಟ್‌ಗಳಲ್ಲಿ ಅರ್ಧದಷ್ಟು ಪೊಳ್ಳೇ ಬಂದಿದ್ದೂ ಉಂಟು. ಪ್ಯಾಕ್ ಮಾಡಿದ ತಿಂಗಳು ಬರೆಯದ ಕಡೆ ತರಿಸಲೇಬೇಡಿ.

ಅದಕ್ಕಿಂತ ಒಳ್ಳೆ ದಾರಿ ಗಿಡ ಇರುವವರ ಮನೆಯಲ್ಲಿ ಕೇಳೋದು. ಅಡೇನಿಯಂ ಕಾಯಿ ಜೋಡಿ ಕೊಂಬಿನ ಹಾಗೆ ಬಿಡುತ್ತದೆ. ಒಣಗಿ ಸೀಳಿದ ದಿನವೇ ಬೀಜ ಗಾಳಿಗೆ ಹಾರಿ ಓಣಿಯೆಲ್ಲ ಹರಡಿಕೊಳ್ಳುತ್ತದೆ. ನಾನು ಲೆಹೆಂಗಾ ಹೊಲಿದು ಉಳಿದ ನೆಟ್ ಬಟ್ಟೆ ಚೂರನ್ನು ಸಣ್ಣ ಚೀಲ ಮಾಡಿ, ಕಾಯಿ ಬಲಿಯುತ್ತಿದ್ದಂತೆ ತೊಡಿಸಿ ದಾರ ಕಟ್ಟುತ್ತೇನೆ. ಕಾಯಿ ಯಾವಾಗ ಬೇಕಾದರೂ ಒಡೆಯಲಿ, ಬೀಜ ಚೀಲದಲ್ಲೇ ಇರುತ್ತದೆ. ಹಾಗೆ ತೆಗೆದ ಬೀಜ ಪ್ಯಾಕೆಟ್ ಬೀಜಕ್ಕಿಂತ ಎಷ್ಟೋ ಚೆನ್ನಾಗಿ ಹುಟ್ಟಿದೆ.

ಮಣ್ಣು ಹೀಗೆ: ದಪ್ಪ ಉಸುಕು ಜಾಸ್ತಿ, ಇಟ್ಟಂಗಿ ಚೂರು, ಸ್ವಲ್ಪ ಮಸಾರಿ ಮಣ್ಣು, ಚೆನ್ನಾಗಿ ಕಳಿತ ಹೆಂಡಿ ಗೊಬ್ಬರ ಒಂದು ಹಿಡಿ. ಎರೆ ಮಣ್ಣು ಹತ್ತಿರವೂ ತರಬೇಡಿ, ನೀರು ಹಿಡಿದುಕೊಂಡು ಬೇರು ಕೊಳೆಸುತ್ತದೆ. ಐಸ್‌ಕ್ರೀಂ ಡಬ್ಬಿಯ ತಳಕ್ಕೆ ತೂತು ಮಾಡಿದರೆ ಸಾಕು. ಬೀಜವನ್ನು ಮಲಗಿಸಿ ಇಡಿ, ಮೇಲೆ ಉಸುಕು ತೆಳ್ಳಗೆ ಉದುರಿಸಿ. ಬೆಚ್ಚಗಿದ್ದರೆ ವಾರದೊಳಗೆ ಮೊಳಕೆ ಕಾಣುತ್ತದೆ. ಎರಡು ಪುಟ್ಟ ಎಲೆ ಬಿಚ್ಚುವ ಹೊತ್ತಿಗೇ ಕಾಂಡ ನೆನೆಸಿದ ಶೇಂಗಾ ಕಾಳಿನಂತೆ ಉಬ್ಬಿರುತ್ತದೆ. ಅದನ್ನು ನೋಡುವ ಖುಷಿ ಕೊಂಡು ತಂದ ಗಿಡದಲ್ಲಿ ಸಿಗೋದಿಲ್ಲ. ಸಣ್ಣ ಸಸಿಗೆ ಬರಗಾಲ ತಡೆಯುವ ಶಕ್ತಿ ಇನ್ನೂ ಬಂದಿರೋದಿಲ್ಲ, ಮೊದಲ ಕೆಲವು ತಿಂಗಳು ಉಸುಕು ಒಣಗಿದಂತೆ ನೀರು ಕೊಡುತ್ತಿರಿ. ಬಿಸಿಲಿಗೆ ಮಾತ್ರ ಬೇಗ ಹೊಂದಿಕೊಳ್ಳುತ್ತದೆ. ಇಲ್ಲೇ ಹುಟ್ಟಿದ್ದಲ್ವಾ! ಹೂವಿಗೆ ಒಂದೆರಡು ವರ್ಷ ಕಾಯಬೇಕು. ಪಾಟ್ ಬದಲಿಸುವಾಗ ಪ್ರತಿ ಸಲ ಬುಡವನ್ನು ಸ್ವಲ್ಪ ಮೇಲೆತ್ತಿ ನೆಟ್ಟರೆ ಬೇರಿನ ಅಂದ ಹೊರಗೆ ಕಾಣುತ್ತದೆ.

ಒಂದು ಎಚ್ಚರಿಕೆ. ಇದರ ರಸ ವಿಷ. ಆಫ್ರಿಕಾದಲ್ಲಿ ಬಾಣದ ತುದಿಗೆ ಹಚ್ಚುತ್ತಿದ್ದರಂತೆ ಅಲ್ಲ, ಹಚ್ಚುತ್ತಿದ್ದದ್ದೇ ನಿಜ. ಕತ್ತರಿಸಿದ ಮೇಲೆ ಕೈ ತೊಳೆಯಿರಿ. ಮಕ್ಕಳು, ಆಡು, ಕುರಿಗೆ ಸಿಗದ ಹಾಗೆ ಇಡಿ.

ಹಾಗಾದರೆ ಅಡೇನಿಯಂ ಕೊಳ್ಳಲೇಬಾರದಾ? ಇಂಥದ್ದೇ ಬಣ್ಣ ಬೇಕು, ಎರಡು ಮೂರು ಸುತ್ತಿನ ದಳ ಬೇಕು ಅನ್ನುವವರು ಕಸಿ ಗಿಡ ಕೊಳ್ಳಬೇಕು. ಬೀಜದ ಗಿಡದಲ್ಲಿ ಯಾವ ಬಣ್ಣ ಬರುತ್ತದೆ ಅಂತ ಯಾರೂ ಹೇಳೋಕಾಗೋದಿಲ್ಲ. ಥೈಲ್ಯಾಂಡ್, ತೈವಾನ್‌ನಲ್ಲಿ ಬೆಳೆಸಿದ ತಳಿಗಳು ಈಗ ನಮ್ಮ ಕಡೆಯ ನರ್ಸರಿಗೂ ಬಂದಿವೆ. ಕೊಳ್ಳುವಾಗ ಕಸಿ ಹಾಕಿದ ಜಾಗ ಕೂಡಿಕೊಂಡಿದೆಯಾ ನೋಡಿ, ಬುಡ ಒತ್ತಿ ನೋಡಿ. ಮೆತ್ತಗಿದ್ದರೆ ಒಳಗೆ ಕೊಳೆತಿದೆ ಅಂತಲೇ ಅರ್ಥ. ಜನವರಿಯಲ್ಲಿ ಗವಿಮಠದ ಜಾತ್ರೆ ಹೊತ್ತಿಗೆ ಚಳಿಗೆ ಎಲೆ ಉದುರಿ ಬೋಳಾದ ಅಡೇನಿಯಂ ಕಂಡರೆ ಸತ್ತಿದೆ ಅಂತ ಬಿಟ್ಟು ಬರಬೇಡಿ. ಬುಡ ಕಲ್ಲಿನಂತೆ ಗಟ್ಟಿ ಇದ್ದರೆ ಧೈರ್ಯವಾಗಿ ಚೌಕಾಸಿ ಮಾಡಿ.

ಲೋಳೆಸರದ ಹಾಗೆ ಕಾಣುವ ಪುಟ್ಟ ಹವೋರ್ಥಿಯಾ, ಲೋಳೆಸರ, ಸ್ನೇಕ್ ಪ್ಲಾಂಟ್ ಇವಕ್ಕೆ ಬೀಜದ ಗೊಡವೆಯೇ ಬೇಡ. ಒಂದು ಒಳ್ಳೆ ಗಿಡ ತನ್ನಿ, ಬುಡದಲ್ಲಿ ತಾನೇ ಮರಿ ಹಾಕುತ್ತದೆ. ಹವೋರ್ಥಿಯಾಗೆ ನೇರ ಬಿಸಿಲು ಬೇಡ, ಕಿಟಕಿಯ ಬೆಳಕು ಸಾಕು. ತಲೆ ಮೇಲೆ ಕೆಂಪು, ಹಳದಿ ಉಂಡೆ ಇಟ್ಟ ಕಳ್ಳಿ ಕಂಡು ಮರುಳಾಗಬೇಡಿ. ಆ ಉಂಡೆಯಲ್ಲಿ ಹಸಿರೇ ಇಲ್ಲ, ಕೆಳಗಿನ ಕಳ್ಳಿಯ ಮೇಲೆ ಬದುಕುತ್ತದೆ, ಬಹಳ ವರ್ಷ ಬಾಳೋದಿಲ್ಲ.

ನರ್ಸರಿಯವರ ಮೇಲೆ ನನ್ನ ದೂರು ಒಂದೇ. “ಅಕ್ಕಾರ, ವಾರಕ್ಕೊಮ್ಮೆ ನೀರು ಹಾಕ್ರಿ, ಏನೂ ಆಗಂಗಿಲ್ಲ” ಅಂತ ಎಲ್ಲ ಗಿಡಕ್ಕೂ ಒಂದೇ ಮಾತು ಹೇಳಿ ಕಳಿಸುತ್ತಾರೆ. ಗಿಡ ಇರೋದು ಬರೀ ಕೊಕೊಪೀಟ್‌ನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ. ಒಮ್ಮೆ ನೆನೆದರೆ ದಿನಗಟ್ಟಲೆ ಹಸಿ, ಪೂರ್ತಿ ಒಣಗಿದರೆ ಕುಗ್ಗಿ, ಹಾಕಿದ ನೀರು ಪಕ್ಕದಿಂದ ಜಾರಿ ಹೋಗುತ್ತದೆ. ಮನೆಗೆ ತಂದ ಮೇಲೆ ಅದನ್ನು ಮೆಲ್ಲಗೆ ಉದುರಿಸಿ, ಉಸುಕಿನ ಮಣ್ಣಿಗೆ ಹಾಕಿ. ಹಸಿರು ನೆಟ್ ಕೆಳಗೆ ಬೆಳೆದ ಗಿಡವನ್ನು ಒಂದೇ ಸಲಕ್ಕೆ ಮಾಳಿಗೆ ಬಿಸಿಲಿಗೆ ಇಡಬೇಡಿ, ಎಲೆ ಸುಟ್ಟು ಕಲೆ ಬೀಳುತ್ತದೆ. ಹಳೇ ಸೀರೆ ಕಟ್ಟಿ ನೆರಳು ಮಾಡಿ, ದಿನಾ ಸ್ವಲ್ಪ ಸ್ವಲ್ಪ ಬಿಸಿಲು ಹೆಚ್ಚಿಸಿ.

ಅಡೇನಿಯಂ ಬೀಜ ಹಾಕೋಕೆ ಫೆಬ್ರುವರಿ ಕೊನೆ, ಹೋಳಿ ಹಬ್ಬಕ್ಕೆ ಮುಂಚೆ ಒಳ್ಳೆ ಸಮಯ. ಜೂನ್ ಮಳೆ ಬಿದ್ದ ಮೇಲೂ ಹಾಕಬಹುದು, ಡಬ್ಬಿಗೆ ನೇರ ಮಳೆ ಹೊಡೆಯದಿದ್ದರೆ ಆಯಿತು. ಡಿಸೆಂಬರ್‌ನಲ್ಲಿ ಮಾತ್ರ ಬೇಡ. ಆ ಚಳಿಗೆ ಮೊಳಕೆ ನಿಧಾನ, ಬೂಷ್ಟು ಬೇಗ.